ಭಾನುವಾರದ ಹಗ್ಗದ ಮೇಲೆ ಫಿನ್ಲೆಯ ಕೋಟು

ಸ್ಕಾರಾವಿಕ್‌ನಲ್ಲಿ ಭಾನುವಾರ ಬಟ್ಟೆ ಒಣಹಾಕುವವರಿಲ್ಲ. ಹಾಕುವುದಿರಲಿ, ಶನಿವಾರ ಹಾಕಿ ಮರೆತದ್ದನ್ನು ತೆಗೆಯುವವರೂ ಇಲ್ಲ. ಆಲೂಗಡ್ಡೆಯ ಸಿಪ್ಪೆ ಸುಲಿಯುವುದು, ಒಲೆಗೆ ಬೇಕಾದ ಜೌಗುಮಣ್ಣಿನ ಒಣಗಟ್ಟಿಗಳನ್ನು ಒಳಗೆ ತಂದು ಪೇರಿಸುವುದು, ಬೂಟು ಉಜ್ಜುವುದು ಎಲ್ಲವೂ ಶನಿವಾರವೇ ಮುಗಿಯಬೇಕು. ಭಾನುವಾರ ದೇವರ ದಿನ. ಆ ದಿನ ಊರಿನ ಇಪ್ಪತ್ತಮೂರು ಮನೆಗಳ ಹಗ್ಗಗಳೂ ಬರಿದಾಗಿ ಗಾಳಿಗೆ ಸುಯ್ಯೆನ್ನುತ್ತಿರುತ್ತವೆ. ಒಮ್ಮೆ ಒಂದು ಮನೆಯವರ ಕಾಲುಚೀಲವೊಂದು ಭಾನುವಾರವಿಡೀ ಹಗ್ಗದ ಮೇಲೆ ಉಳಿದುಬಿಟ್ಟಿತ್ತು. ಅದಾಗಿ ಹನ್ನೊಂದು ವರ್ಷವಾಯಿತು. ಆ ಮನೆಯವರಿಗೆ ಇವತ್ತಿಗೂ ‘ಕಾಲುಚೀಲದವರು’ ಎಂದೇ ಹೆಸರು.

ಇಂಥ ಊರಿನಲ್ಲಿ, ಅಕ್ಟೋಬರಿನ ಮೊದಲ ಭಾನುವಾರ, ಹನ್ನೊಂದೂವರೆಗೆ ಜನವೆಲ್ಲ ಕಪ್ಪು ಬಟ್ಟೆ ತೊಟ್ಟು ಚರ್ಚಿಗೆ ಹೊರಡುವ ಹೊತ್ತಿಗೆ, ದರ್ಜಿ ಡೋಲಿನಾಳ ಹಿತ್ತಿಲ ಹಗ್ಗದ ಮೇಲೆ ಗಂಡಸಿನ ಓವರ್‌ಕೋಟೊಂದು ನೇತಾಡುತ್ತಿತ್ತು.

ಡೋಲಿನಾಳ ಗಂಡ ತೀರಿಕೊಂಡು ಒಂಬತ್ತು ವರ್ಷ. ಮನೆಯಲ್ಲಿ ಬೇರೆ ಗಂಡಸಿಲ್ಲ. ಆದರೂ ಕೋಟು ಯಾರದೆಂದು ಯಾರೂ ಯಾರನ್ನೂ ಕೇಳಲಿಲ್ಲ. ಸ್ಕಾರಾವಿಕ್ ಇರುವ ಹ್ಯಾರಿಸ್ ದ್ವೀಪದ ನೇಕಾರರಿಗೆ ಬಟ್ಟೆಯ ಗುರುತು ಮುಖದ ಗುರುತಿಗಿಂತ ಬೇಗ ಸಿಗುತ್ತದೆ. ಜೌಗುಮಣ್ಣಿನ ಕಂದುಬಣ್ಣ, ಮೀನಿನ ಮುಳ್ಳಿನಂಥ ನೇಯ್ಗೆ, ನಡುನಡುವೆ ಕಂಡೂ ಕಾಣದಂತೆ ಒಂದು ಹಳದಿ ಎಳೆ. ಹಾಗೆ ನೇಯುವವನು ಊರಿನಲ್ಲಿ ಒಬ್ಬನೇ, ‘ನಾಳೆ’ ಫಿನ್ಲೆ.

ಊರಿನಲ್ಲಿ ನಾಲ್ವರು ಫಿನ್ಲೆಗಳಿದ್ದಾರೆ. ಅಡ್ಡಹೆಸರಿಲ್ಲದಿದ್ದರೆ ಯಾರ ಕಾಗದ ಯಾರ ಮನೆಗೆ ಹೋಗುತ್ತದೋ ಹೇಳುವಂತಿಲ್ಲ. ಇವನಿಗೆ ‘ನಾಳೆ’ ಎಂಬ ಹೆಸರು ಶಾಲೆಯಲ್ಲೇ ಬಂತು, ವಯಸ್ಸು ಅರವತ್ತೊಂದಾದರೂ ಸಡಿಲಾಗಲಿಲ್ಲ. ಸೂರು ಸೋರಿದರೆ ನಾಳೆ, ಹಲ್ಲು ನೋಯುತ್ತಿದ್ದರೆ ನಾಳೆ. ಮಗ್ಗದ ಮುಂದೆ ಕೂತರೆ ಮಾತ್ರ ಬೇರೆಯೇ ಮನುಷ್ಯ. ಮನೆಯ ಪಕ್ಕದ ತಗಡಿನ ಕೊಟ್ಟಿಗೆಯಲ್ಲಿ ಬೆಳಗಿನಿಂದ ಸಂಜೆಯವರೆಗೆ ಅವನ ಮಗ್ಗ ಖಟಖಟ ಎನ್ನುತ್ತಿತ್ತು. ಗುರುವಾರ ಮಧ್ಯಾಹ್ನ ಮೂರಕ್ಕೆ ಸರಿಯಾಗಿ ಆ ಸದ್ದು ನಿಲ್ಲುತ್ತಿತ್ತು. ಅದನ್ನು ಕೇಳಿಯೇ ಊರಿನ ಹೆಂಗಸರು ಚಹಾಕ್ಕೆ ನೀರಿಡುತ್ತಿದ್ದರು. ಫಿನ್ಲೆ ತಲೆ ಬಾಚಿಕೊಂಡು ಡೋಲಿನಾಳ ಮನೆಗೆ ಕೋಟಿನ ಅಳತೆ ಕೊಡಲು ಹೊರಟ ಎಂದು ಅದರ ಅರ್ಥ.

ಈ ಅಳತೆ ಮೂರು ವರ್ಷದಿಂದ ನಡೆದಿತ್ತು.

ಶುರುವಾದದ್ದು ನ್ಯಾಯವಾಗಿಯೇ. ನಲವತ್ತು ವರ್ಷ ಊರವರಿಗೆಲ್ಲ, ಹೊರದೇಶದವರಿಗೆಲ್ಲ ಬಟ್ಟೆ ನೇಯ್ದವನಿಗೆ ತನ್ನ ಬಟ್ಟೆಯ ಒಂದು ಕೋಟೂ ಇರಲಿಲ್ಲ. ಹಡಗಿನಲ್ಲಿ ದುಡಿಯುತ್ತಿದ್ದ ಅಜ್ಜನ ಹಳೆಯ ಫೋಟೋ ಒಂದನ್ನು ತಂದು ಡೋಲಿನಾಳ ಮೇಜಿನ ಮೇಲಿಟ್ಟು, “ಇಂಥದು ಬೇಕು,” ಎಂದಿದ್ದ. ಅಗಲವಾದ ಕಾಲರು, ಎರಡು ಸಾಲು ಗುಂಡಿ, ಬೆನ್ನಿಗೆ ಅರೆಪಟ್ಟಿ, ಮೊಣಕಾಲು ದಾಟಿ ಇಳಿಯುವ ಉದ್ದ, ರೊಟ್ಟಿ ಹಿಡಿಯುವಷ್ಟು ಆಳದ ಜೇಬು. ಡೋಲಿನಾ ಫೋಟೋವನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿ, “ಈಗಿನವರು ಇಂಥ ಹೆಗಲು ಕತ್ತರಿಸೋದನ್ನೇ ಮರೆತಿದಾರೆ. ನಾನು ಮಾಡ್ತೀನಿ. ಆದರೆ ಅವಸರ ಮಾಡಬಾರದು,” ಎಂದಳು. ಅವಸರ ಮಾಡಬೇಡ ಎಂದು ಫಿನ್ಲೆಗೆ ಹೇಳಿದವರು ಲೋಕದಲ್ಲಿ ಅವಳೊಬ್ಬಳೇ ಇರಬೇಕು.

ಮೊದಲ ವರ್ಷ ಬಟ್ಟೆ ಕತ್ತರಿಸುವುದರಲ್ಲೇ ಕಳೆಯಿತು. ಎರಡನೆಯ ವರ್ಷ ಇನ್ನೇನು ಮುಗಿಯಬೇಕು, ಸೊಂಟ ಬಿಗಿಯಾಯಿತು. ಆಗುವುದೇ ಮತ್ತೆ. ಪ್ರತಿ ಗುರುವಾರ ಅಳತೆಯಾದ ಮೇಲೆ ಡೋಲಿನಾ ಓಟ್ಸ್ ರೊಟ್ಟಿಗೆ ಬೆರಳು ದಪ್ಪ ಬೆಣ್ಣೆ ಹಚ್ಚಿ ಕೊಡುತ್ತಿದ್ದಳು. ಅವಳ ರೊಟ್ಟಿ ತಿಂದು ಅವನ ಹೊಟ್ಟೆ ಬೆಳೆಯಿತು. ಹೊಟ್ಟೆ ಬೆಳೆಯಿತೆಂದು ಅವಳು ಹೊಲಿಗೆ ಬಿಚ್ಚಿದಳು. ಬಿಚ್ಚಿದ್ದನ್ನು ಹೊಲಿಯುವಷ್ಟರಲ್ಲಿ ಮತ್ತಷ್ಟು ರೊಟ್ಟಿಯಾಯಿತು. ಮೂರನೆಯ ವರ್ಷ ಟಗರಿನ ಕೊಂಬಿನ ಗುಂಡಿಗಳಿಗಾಗಿ ಕಾದರು. ಗುಂಡಿ ಬಂದ ಮೇಲೆ ಅದರ ಬಣ್ಣ ಸ್ವಲ್ಪ ಹೆಚ್ಚಾಯಿತು ಎಂದು ಒಬ್ಬರು, ಇಲ್ಲ ಕಡಿಮೆಯಾಯಿತು ಎಂದು ಇನ್ನೊಬ್ಬರು, ಎರಡು ತಿಂಗಳು ಚರ್ಚೆ ಮಾಡಿದರು.

ಊರು ಎಲ್ಲವನ್ನೂ ನೋಡುತ್ತಿತ್ತು. ಫಿನ್ಲೆ ಮಾತ್ರ ಹೇಳಬೇಕಾದ ಒಂದು ಮಾತನ್ನು ನಾಲಗೆಯ ತುದಿಯಲ್ಲಿಟ್ಟುಕೊಂಡು ಮೀನಮೇಷ ಎಣಿಸುತ್ತಲೇ ಇದ್ದ.

ಕಡೆಗೆ ಹೋದ ಗುರುವಾರ ಡೋಲಿನಾ ಕನ್ನಡಿಯ ಮುಂದೆ ಅವನನ್ನು ಒಂದು ಸುತ್ತು ತಿರುಗಿಸಿ, ಬಾಯಲ್ಲಿದ್ದ ಗುಂಡುಸೂಜಿ ತೆಗೆದು, “ಮುಗೀತು,” ಎಂದಳು.

“ಮುಗೀತಾ?” ಎಂದ ಫಿನ್ಲೆ, ಯಾರೋ ತೀರಿಹೋದ ಸುದ್ದಿ ಕೇಳಿದವನ ಹಾಗೆ.

“ಇಸ್ತ್ರಿ ಒಂದು ಬಾಕಿ. ಶನಿವಾರ ಮಾಡಿಡ್ತೀನಿ, ಸೋಮವಾರ ಬಂದು ತಗೊಂಡ್ಹೋಗಿ. ಮಂಗಳವಾರ ನಾನಿರಲ್ಲ. ಸಮುದ್ರದಾಚೆ ಇನ್ವರ್ನೆಸ್‌ನಲ್ಲಿರೋ ತಂಗಿ ಕರೀತಾನೇ ಇದಾಳೆ, ಚಳಿಗಾಲಕ್ಕೆ ಬಾ ಅಂತ.”

“ಚಳಿಗಾಲ ಆದ ಮೇಲೆ?”

“ಆಮೇಲೂ ಅಲ್ಲೇ ಇರು ಅಂತಾಳೆ. ಇಲ್ಲೇನಿದೆ ನನಗೆ? ಕೈಯಲ್ಲಿದ್ದ ಕೆಲಸವೂ ಮುಗೀತು.” ಅವಳು ಅವನ ಹೆಗಲಿನ ಮೇಲೆ ಇಲ್ಲದ ನೂಲೊಂದನ್ನು ತೆಗೆದಳು. “ಬೇರೆ ಏನಾದರೂ ಹೇಳೋದಿದೆಯಾ?”

ಫಿನ್ಲೆ ಬಾಯಿ ತೆರೆದ. “ಎಡತೋಳು...”

“ಎಡತೋಳು ಸರಿ ಇದೆ.”

“ಗುಂಡಿ ಸ್ವಲ್ಪ...”

“ಗುಂಡೀನೂ ಸರಿ ಇದೆ. ಕೋಟಿನಲ್ಲಿ ಯಾವ ದೋಷಾನೂ ಇಲ್ಲ ಫಿನ್ಲೆ.” ಇರುವ ದೋಷ ಎಲ್ಲಿದೆಯೆಂದು ಅವಳು ಹೇಳಲಿಲ್ಲ. ಅವನು ರೊಟ್ಟಿಯನ್ನೂ ಪೂರ್ತಿ ತಿನ್ನದೆ ಮನೆಗೆ ಬಂದ. ಆ ಮೇಲೆ ಎರಡು ದಿನ ಅವನ ಮಗ್ಗದಲ್ಲಿ ಎಳೆ ಕಡಿಯುತ್ತಲೇ ಇತ್ತು.

ಈಗ ಭಾನುವಾರ.

ಫಿನ್ಲೆ ಚರ್ಚಿಗೆ ಹೊರಡಲು ಟೈ ಕಟ್ಟಿಕೊಳ್ಳುತ್ತಿದ್ದಾಗ ಅಕ್ಕ ಮುರ್ಡಿನಾ ಕಿಟಕಿಯ ಹತ್ತಿರ ನಿಂತಿದ್ದಳು. ಅವಳಿಗೆ ಅರವತ್ತೆಂಟು, ಮದುವೆಯಾಗಿಲ್ಲ. ಮಂಡಿ ನೋವಿದೆ, ನಾಲಗೆಗೆ ಯಾವ ನೋವೂ ಇಲ್ಲ.

“ಫಿನ್ಲೆ, ನೀನು ಎಲ್ಲಿದೀಯ?”

“ಇಲ್ಲೇ ಇದೀನಲ್ಲ ಅಕ್ಕಾ.”

“ಹಾಗಾದ್ರೆ ಡೋಲಿನಾ ಹಗ್ಗದ ಮೇಲೆ ಜೋತಾಡ್ತಿರೋದು ಯಾರು?”

ಅವನು ಬಂದು ನೋಡಿದ. ಇಸ್ತ್ರಿಯ ತೇವ ಆರಲೆಂದು ಡೋಲಿನಾ ಕೋಟನ್ನು ಮರದ ಹ್ಯಾಂಗರಿಗೆ ಹಾಕಿ, ನಾಲ್ಕು ಕ್ಲಿಪ್ಪು ಕಚ್ಚಿಸಿ ಬಿಟ್ಟಿದ್ದಳು. ಸಮುದ್ರದ ಗಾಳಿ ಕೋಟಿನೊಳಗೆ ಹೊಕ್ಕು ಅದಕ್ಕೆ ಎದೆ, ಹೊಟ್ಟೆ, ಹೆಗಲು ಎಲ್ಲವನ್ನೂ ಕೊಟ್ಟಿತ್ತು. ತೋಳುಗಳೆರಡೂ ಎದ್ದು ರಸ್ತೆಯಲ್ಲಿ ಹೋಗುವವರನ್ನೆಲ್ಲ ಬನ್ನಿ ಬನ್ನಿ ಎಂದು ಕರೆಯುತ್ತಿದ್ದವು. ಫಿನ್ಲೆ ತನ್ನ ಜೀವಮಾನದಲ್ಲಿ ಅಷ್ಟು ಧಾರಾಳವಾಗಿ ಯಾರನ್ನೂ ಕರೆದವನಲ್ಲ.

“ಮರೆತಿದಾಳೆ,” ಎಂದ.

“ಡೋಲಿನಾನಾ? ಮರೆಯೋದಾ?” ಎಂದಳು ಮುರ್ಡಿನಾ. ಆಮೇಲೆ ಟೋಪಿ ಸರಿಪಡಿಸಿಕೊಂಡಳು.

ರಸ್ತೆಯಲ್ಲಿ ಹೋದದ್ದು ಒಂದು ಮೆರವಣಿಗೆಯೇ. ದೇವರ ದಿನ ಗುಲ್ಲೆಬ್ಬಿಸುವುದು ಪಾಪವಾದ್ದರಿಂದ ಯಾರೂ ಬಾಯಿ ಬಿಡಲಿಲ್ಲ. ಹುಬ್ಬುಗಳಿಗೆ ಮಾತ್ರ ಅಂಥ ನಿಷೇಧವಿರಲಿಲ್ಲ. ಸೋಮವಾರಕ್ಕೆ ಎಷ್ಟು ಮಾತು ಕೂಡಿಡಬಹುದೋ ಅಷ್ಟನ್ನೂ ಕೂಡಿಟ್ಟುಕೊಂಡು ಜನ ನಡೆದರು. ಚರ್ಚಿನ ಹಿರಿಯ ಯೂವನ್‌ಗೆ ದೃಷ್ಟಿ ಮಂದ. ಅವನು ಡೋಲಿನಾಳ ಬೇಲಿಯ ಬಳಿ ನಿಂತು, ಟೋಪಿ ಎತ್ತಿ, “ಏನಪ್ಪಾ ಫಿನ್ಲೆ, ಚೆನ್ನಾಗಿದೀಯಾ?” ಎಂದು ಕೋಟನ್ನು ಗಂಭೀರವಾಗಿ ಮಾತಾಡಿಸಿದ. ಹಿಂದಿನಿಂದ ಫಿನ್ಲೆ, “ಚೆನ್ನಾಗಿದೀನಿ ಯೂವನಣ್ಣಾ,” ಎಂದಾಗ ಮುದುಕ ಆ ಕಡೆ ಒಮ್ಮೆ ಈ ಕಡೆ ಒಮ್ಮೆ ನೋಡಿ, ಟೋಪಿಯನ್ನು ಕಿವಿಯವರೆಗೆ ಎಳೆದುಕೊಂಡು ದಾಪುಗಾಲು ಹಾಕಿದ. ಕಾಲುಚೀಲದವರ ಮನೆಯ ಆರು ಜನರೂ ಸಾಲಾಗಿ ಬಂದು, ಕೋಟನ್ನು ನೋಡಿ, ಹನ್ನೊಂದು ವರ್ಷದಲ್ಲಿ ಮೊದಲ ಸಲ ತಲೆ ಎತ್ತಿ ನಡೆದರು.

ಡೋಲಿನಾ ಚರ್ಚಿನಲ್ಲಿ ತನ್ನ ಮಾಮೂಲಿ ಬೆಂಚಿನಲ್ಲಿ ಒಬ್ಬಳೇ ಕೂತಿದ್ದಳು. ಬೆನ್ನು ನೆಟ್ಟಗೆ, ಮುಖ ನಿರ್ವಿಕಾರ.

ಪ್ರಾರ್ಥನೆ ಮುಗಿದು ಹೊರಗೆ ಬರುವಷ್ಟರಲ್ಲಿ ಪಶ್ಚಿಮದಿಂದ ಮಳೆ ಇಳಿದಿತ್ತು. ಚರ್ಚಿನ ಬಾಗಿಲಲ್ಲಿ ಜನ ಗುಂಪಾಗಿ ನಿಂತರು. ಎಲ್ಲರ ಕಣ್ಣೂ ಕೆಳಗಿನ ಹಿತ್ತಿಲ ಮೇಲೆ. ಮೂರು ವರ್ಷದ ಹೊಲಿಗೆ ಎಲ್ಲರ ಕಣ್ಣೆದುರೇ ನೆನೆಯುತ್ತಿತ್ತು.

“ಯೂವನಣ್ಣಾ,” ಎಂದಳು ಮುರ್ಡಿನಾ, “ಕುರಿ ಹಳ್ಳಕ್ಕೆ ಬಿದ್ರೆ ದೇವರ ದಿನಾನೂ ಎತ್ತಬಹುದು ಅಂತ ಗ್ರಂಥದಲ್ಲೇ ಇದೆ, ಅಲ್ವಾ?”

“ಇದೆಯಮ್ಮ.”

“ಆ ಕೋಟಲ್ಲಿ ಕಡಿಮೆ ಅಂದ್ರೂ ಎರಡು ಕುರಿ ಉಣ್ಣೆ ಇದೆ.”

ಯೂವನ್ ಕಣ್ಣು ಕಿರಿದು ಮಾಡಿ ಹಿತ್ತಿಲ ಕಡೆ ನೋಡಿದ. “ಉಣ್ಣೆ ಇದೆ, ಕುರಿ ಇಲ್ಲ. ಕುರಿ ಇದ್ರೆ ಅದು ಕರುಣೆ. ಕುರಿ ಇಲ್ದಿದ್ರೆ ಅದು ಬಟ್ಟೆ ತೆಗೆಯೋ ಕೆಲಸ.”

“ಹಾಗಾದ್ರೆ ನೆಂದು ನೀರಾಗ್ಲಿ ಅಂತೀಯಾ?”

“ನಾನೆಲ್ಲಿ ಅಂದೆ?” ಎಂದ ಯೂವನ್ ನೊಂದುಕೊಂಡು. “ಕೋಟು ಒಳ್ಳೇದೇ. ಬೆಳಗ್ಗೆ ಮಾತಾಡಿಸಿದೀನಿ ಕೂಡ.”

ಯಾರೂ ನಗಲಿಲ್ಲ, ನಗುವನ್ನೂ ಸೋಮವಾರಕ್ಕೆ ಇಟ್ಟುಕೊಂಡರು. ಡೋಲಿನಾ ಕೊಡೆ ಬಿಚ್ಚುತ್ತ ಮೆಟ್ಟಿಲಿಳಿದಳು. ಫಿನ್ಲೆಯ ಎದುರು ಒಂದು ಕ್ಷಣ ನಿಂತು, “ತಪ್ಪಾಯ್ತು ಫಿನ್ಲೆ. ಇವತ್ತು ಅದನ್ನ ಮುಟ್ಟೋ ಹಾಗಿಲ್ಲ, ನಾಳೆ ತೆಗೆದಿಡ್ತೀನಿ,” ಎಂದಳು. ‘ನಾಳೆ’ ಎಂಬುದನ್ನು ಅವಳು ಮೆಲ್ಲಗೆಯೇ ಹೇಳಿದಳು, ಆದರೂ ಅವನಿಗೆ ಚುರುಕ್ಕೆಂದಿತು.

ಮನೆಯಲ್ಲಿ ಶನಿವಾರವೇ ಬೇಯಿಸಿಟ್ಟ ಕುರಿಮಾಂಸದ ಸಾರು, ಆಲೂಗಡ್ಡೆ. ಫಿನ್ಲೆಗೆ ಸೇರಲಿಲ್ಲ. ಕುರ್ಚಿಯನ್ನು ಕಿಟಕಿಯ ಬಳಿ ಎಳೆದುಕೊಂಡು ಕೂತ. ಕೋಟಿನಲ್ಲಿ ಈಗ ಗಾಳಿ ಇರಲಿಲ್ಲ. ನೀರು ಕುಡಿದು ಭಾರವಾಗಿ, ತೋಳುಗಳು ಕೆಳಗೆ ಜೋತು, ಯಾರೂ ಬರಲಿಲ್ಲವಲ್ಲ ಎಂದು ಸುಮ್ಮನೆ ನಿಂತವರಂತೆ ಕಾಣುತ್ತಿತ್ತು. ಅದು ಕೆಡುವುದಿಲ್ಲವೆಂದು ಅವನಿಗೆ ಗೊತ್ತು. ಆ ಬಟ್ಟೆ ಹುಟ್ಟಿದ್ದೇ ಮಳೆಗೆ. ಸೋಮವಾರ ಒಲೆಯ ಮುಂದೆ ಹಾಕಿದರೆ ಬುಧವಾರಕ್ಕೆ ಆರುತ್ತದೆ. ಬುಧವಾರ ಅದನ್ನು ತೊಟ್ಟು ಬೆಚ್ಚಗೆ ನಡೆಯಬಹುದು. ಆದರೆ ನಡೆದು ಹೋಗುವುದೆಲ್ಲಿಗೆ? ಗುರುವಾರ ಮೂರಕ್ಕೆ ಮಗ್ಗ ನಿಲ್ಲಿಸಿ ತಲೆ ಬಾಚಿಕೊಂಡರೆ, ಬೀಗ ಹಾಕಿದ ಬಾಗಿಲು.

“ನೀನು ಕೋಟು ನೋಡ್ತಿದೀಯೋ, ಅದರ ಹಿಂದಿರೋ ಕಿಟಕಿ ನೋಡ್ತಿದೀಯೋ?” ಎಂದಳು ಮುರ್ಡಿನಾ.

ಅವನು ಗಾಜಿನ ಮೇಲೆ ಕೂತ ಉಸಿರಿನ ಮಂಜನ್ನು ತೋಳಿನಿಂದ ಒರೆಸಿದ.

“ಮಂಗಳವಾರ ಹಡಗು ಎಷ್ಟೊತ್ತಿಗೆ?”

“ಬೆಳಗ್ಗೆ ಏಳೂಕಾಲಿಗೆ.”

“ನಿನ್ನ ನಾಳೆಗಾಗಿ ಹಡಗು ಕಾಯಲ್ಲ ಕಣೋ.” ಅವಳ ದನಿಯಲ್ಲಿ ಈ ಸಲ ಕುಚೋದ್ಯವಿರಲಿಲ್ಲ. “ನನ್ನ ಗತಿ ಏನು ಅಂತ ಯೋಚನೆ ಮಾಡ್ತಿದ್ರೆ ಮಾಡ್ಬೇಡ. ಅರವತ್ತು ವರ್ಷದಿಂದ ನಿನ್ನ ಮುಖ ನೋಡ್ತಾ ಬಂದಿದೀನಿ. ಇನ್ಮೇಲೆ ಬೇರೆಯವರು ನೋಡ್ಲಿ, ನಾನು ಸ್ವಲ್ಪ ಸಮುದ್ರ ನೋಡ್ತೀನಿ.”

ಗಡಿಯಾರ ಐದು ಹೊಡೆಯಿತು. ಆರಕ್ಕೆ ಸಂಜೆಯ ಪ್ರಾರ್ಥನೆ. ಫಿನ್ಲೆ ಕಿಟಕಿಯಿಂದ ಕಣ್ಣು ತೆಗೆಯದೆ ಕೇಳಿದ: “ಅಕ್ಕಾ, ಚರ್ಚಿಗೆ ಹೋಗುವಾಗ ಕೋಟು ಹಾಕ್ಕೊಳ್ಳೋದು ಕೆಲಸಾನಾ?”

“ಅದು ಕೆಲಸ ಆಗಿದ್ರೆ ಊರೆಲ್ಲ ಬರೀ ಅಂಗೀಲಿ ನಡುಗ್ತಾ ಕೀರ್ತನೆ ಹಾಡಬೇಕಾಗ್ತಿತ್ತು. ಯಾಕೆ?” ಎಂದವಳು ತಟ್ಟನೆ ನಿಂತಳು. ಅವನ ಮುಖ ನೋಡಿದಳು, ಕಿಟಕಿಯಾಚೆಯ ಹಗ್ಗ ನೋಡಿದಳು. ಮುರ್ಡಿನಾಳಿಗೆ ಮಾತು ಹೊರಡದಿದ್ದದ್ದು ಆ ಮನೆಯ ಚರಿತ್ರೆಯಲ್ಲಿ ಅದೇ ಮೊದಲು. ಆಮೇಲೆ ಮೆತ್ತಗೆ ಹೇಳಿದಳು: “ಒಂದು ತಿಳ್ಕೋ ಫಿನ್ಲೆ. ಗಂಡಸು ಚರ್ಚಿಗೆ ಹೊರಡುವಾಗ ಕೋಟು ಹಾಕ್ಕೊಳ್ಳೋದು ಅವನ ಮನೇಲಿ. ನೀನು ಎಲ್ಲಿ ಹಾಕ್ಕೊಳ್ತೀಯೋ ಅದೇ ನಿನ್ನ ಮನೆ ಅನ್ನತ್ತೆ ಊರು.”

“ಗೊತ್ತು,” ಎಂದ ಫಿನ್ಲೆ.

ಐದೂವರೆಗೆ ಊರು ಮತ್ತೆ ರಸ್ತೆಗಿಳಿಯಿತು. ಮಳೆ ಜಿನುಗಿಗೆ ಇಳಿದಿತ್ತು, ಬೆಳಕಿನ್ನೂ ಇತ್ತು. ಫಿನ್ಲೆ ಬರೀ ಒಳಕೋಟಿನಲ್ಲಿ, ಅಕ್ಕನಿಗಿಂತ ಹತ್ತು ಹೆಜ್ಜೆ ಮುಂದೆ ನಡೆದ. ಡೋಲಿನಾಳ ಮನೆಯ ತಿರುವು ಬಂತು. ಅವನು ರಸ್ತೆ ಬಿಟ್ಟ. ಗೇಟು ತೆಗೆದ. ಹಿಂದೆ ಬರುತ್ತಿದ್ದವರೆಲ್ಲ ನಿಂತರು. ಮುಂದೆ ಹೋಗಿದ್ದವರು, ಬೂಟಿನ ಲೇಸು ಬಿಚ್ಚಿತೆಂಬ ನೆಪದಲ್ಲಿ ಒಬ್ಬೊಬ್ಬರಾಗಿ ಬಗ್ಗಿದರು.

ಅವನು ಹಗ್ಗದ ಹತ್ತಿರ ಹೋಗಿ ಕ್ಲಿಪ್ಪುಗಳನ್ನು ಮುಟ್ಟಲೇ ಇಲ್ಲ. ಕೋಟಿಗೆ ಬೆನ್ನು ಕೊಟ್ಟು ನಿಂತು, ಮೊದಲು ಬಲತೋಳಿಗೆ ಕೈ ತೂರಿಸಿದ, ಆಮೇಲೆ ಎಡತೋಳಿಗೆ, ಒಂದು ಸಲ ಹೆಗಲು ಕುಣಿಸಿದ. ಕ್ಲಿಪ್ಪುಗಳು ತಾವಾಗಿಯೇ ಚಟಪಟ ಹಾರಿಬಿದ್ದವು. ಹ್ಯಾಂಗರು ಹಗ್ಗದಲ್ಲೇ ಉಳಿಯಿತು. ಇಪ್ಪತ್ತು ಸೇರು ನೀರು ಹೊತ್ತಂತೆ ಕೋಟು ಅವನ ಮೇಲೆ ಕೂತಿತು. ತೋಳಿನ ತುದಿಯಿಂದ ನೀರು ಧಾರೆಯಾಗಿ ಬೂಟಿನೊಳಕ್ಕೇ ಇಳಿಯಿತು. ಅವನು ಗುಂಡಿಗಳನ್ನು ಒಂದೊಂದಾಗಿ ಹಾಕಿಕೊಂಡ.

ಮನೆಯ ಬಾಗಿಲು ತೆರೆಯಿತು. ಡೋಲಿನಾ ಕಪ್ಪು ಟೋಪಿ ಹಾಕಿ, ಬೈಬಲ್ ಹಿಡಿದು ಹೊಸ್ತಿಲ ಮೇಲೆ ನಿಂತಿದ್ದಳು.

“ಅದು ನೆಂದಿದೆ,” ಎಂದಳು.

“ಗೊತ್ತಾಗ್ತಿದೆ.”

“ಎಡತೋಳು ಹೇಗಿದೆ?”

“ಸರಿ ಇದೆ. ಗುಂಡೀನೂ ಸರಿ ಇದೆ. ಎಲ್ಲಾ ಯಾವಾಗಲೋ ಸರಿ ಆಗಿತ್ತು.” ಅವನ ಹಲ್ಲುಗಳು ಚಳಿಗೆ ಕಟಕಟ ಎನ್ನುತ್ತಿದ್ದವು. “ಡೋಲಿನಾ, ಮಂಗಳವಾರ ಹಡಗು ಹತ್ತಬೇಡಿ.”

“ಯಾಕೆ?” ಎಂದಳು ಡೋಲಿನಾ. ರಸ್ತೆಯವರೆಗೆ ಕೇಳುವಂತೆಯೇ ಎಂದಳು.

ಫಿನ್ಲೆ ಮೇಲಿನ ಗುಂಡಿಯನ್ನು ಬಿಚ್ಚಿ ಮತ್ತೆ ಹಾಕಿಕೊಂಡ. ರಸ್ತೆಯಲ್ಲಿ ಬಗ್ಗಿದವರು ಬಗ್ಗಿಯೇ ಇದ್ದರು, ಸೊಂಟ ಹಿಡಿದುಕೊಂಡರೂ ಏಳಲಿಲ್ಲ. ಅಷ್ಟರಲ್ಲಿ ಮುರ್ಡಿನಾ ಒಮ್ಮೆ ಕೆಮ್ಮಿದಳು.

“ಯಾಕೆ ಅಂದ್ರೆ ನೀವಿಲ್ದೆ ನನಗೆ ಗುರುವಾರ ಬೇಡ,” ಎಂದ ಫಿನ್ಲೆ. “ಬರೀ ಗುರುವಾರ ಸಾಲೋದೂ ಇಲ್ಲ. ಮಿಕ್ಕ ಆರು ದಿನಾನೂ ಬೇಕು. ಭಾನುವಾರಾನೂ ಸೇರಿ. ಇವತ್ತಿಂದಾನೇ.”

ಡೋಲಿನಾ ಬಾಗಿಲು ಎಳೆದುಕೊಂಡಳು. ಹತ್ತಿರ ಬಂದು ಅವನ ಕಾಲರನ್ನು ಎರಡೂ ಕೈಯಿಂದ ಸರಿಪಡಿಸಿದಳು. ಅದು ಕೆಲಸವೇ ಇರಬೇಕು, ಆದರೆ ಯೂವನ್‌ಗೆ ದೃಷ್ಟಿ ಮಂದ. “ಚರ್ಚಿಗೆ ಹೊತ್ತಾಗತ್ತೆ, ನಡೀರಿ,” ಎಂದು ನೀರು ಸೋರುವ ಆ ತೋಳನ್ನು ಹಿಡಿದುಕೊಂಡಳು.

ಇಬ್ಬರೂ ಅವಳ ಬೆಂಚಿನಲ್ಲಿ ಕೂತರು. ಒಂದೇ ಬೆಂಚಿನಲ್ಲಿ ಕೂತರೆಂದರೆ ಮುಗಿಯಿತು. ಅಲ್ಲಿ ಅದಕ್ಕಿಂತ ದೊಡ್ಡ ಲಗ್ನಪತ್ರಿಕೆಯಿಲ್ಲ. ಯೂವನ್ ಎದ್ದು ಕೀರ್ತನೆಯ ಮೊದಲ ಸಾಲು ಎತ್ತಿದ, ಜನ ಹಿಂದಿನಿಂದ ಅಲೆಯಾಗಿ ಸೇರಿಕೊಂಡರು. ಸಾಲುಸಾಲಿನ ನಡುವೆ ಉಸಿರು ಎಳೆದುಕೊಳ್ಳುವಾಗ, ಮರದ ನೆಲದ ಮೇಲೆ ಫಿನ್ಲೆಯ ಕೋಟು ತೊಟ್ಟಿಕ್ಕುವುದು ಎಲ್ಲರಿಗೂ ಕೇಳುತ್ತಿತ್ತು.

ಪಾದ್ರಿ ಪ್ರವಚನ ಶುರು ಮಾಡಿದರು. ಆಗ ಪ್ರತಿ ಬೆಂಚಿನಲ್ಲೂ ಮೆಲ್ಲಗೆ ಕಾಗದದ ಸದ್ದಾಯಿತು. ಪ್ರವಚನಕ್ಕೆ ಪೆಪ್ಪರ್‌ಮಿಂಟು ಬಾಯಿಗೆ ಹಾಕಿಕೊಳ್ಳುವುದು, ಪಕ್ಕದಲ್ಲಿರುವ ಮನೆಯವರಿಗೆ ಒಂದು ದಾಟಿಸುವುದು ಅಲ್ಲಿಯ ಪದ್ಧತಿ. ಫಿನ್ಲೆ ಅಕ್ಕನ ಪೆಪ್ಪರ್‌ಮಿಂಟಿನವನು. ತನ್ನದೆಂದು ಯಾವತ್ತೂ ತಂದವನಲ್ಲ. ಕೈ ಮರಗಟ್ಟಿತ್ತು. ಬೆಚ್ಚಗಾಗಲೆಂದು ಕೋಟಿನ ಒಳಜೇಬಿಗೆ ತೂರಿಸಿದ. ಬೆರಳಿಗೆ ಪುಟ್ಟದೊಂದು ಪೊಟ್ಟಣ ಸಿಕ್ಕಿತು.

ತೆಗೆದು ನೋಡಿದ. ನೀರು ಒಳಗೆ ಹೋಗದ ಮೇಣಬಟ್ಟೆಯ ಚೂರು. ದರ್ಜಿಯ ಮೇಣದ ದಾರದಿಂದ ಏಳು ಸುತ್ತು ಸುತ್ತಿ ಬಿಗಿದ ಗಂಟು. ಗಂಟು ಬಿಚ್ಚುವುದು ಕೆಲಸವೋ ಅಲ್ಲವೋ ಎಂದು ಕೇಳಿಕೊಳ್ಳುವ ಗೋಜಿಗೆ ಅವನು ಹೋಗಲಿಲ್ಲ. ಒಳಗೆ ಎರಡು ಪೆಪ್ಪರ್‌ಮಿಂಟು. ಮಳೆಯ ಒಂದು ಹನಿಯೂ ತಾಗಿರಲಿಲ್ಲ.

ಫಿನ್ಲೆ ಅವನ್ನೇ ನೋಡುತ್ತ ಕೂತ. ಶನಿವಾರ ಬಿಸಿಲಿತ್ತು. ಬಿಸಿಲಿಗೆ ಒಣಹಾಕಿ, ಸಂಜೆಗೆ ಒಳಗೆ ತರುವ ಕೋಟಿನ ಜೇಬಿನಲ್ಲಿ ಯಾರೂ ಪೆಪ್ಪರ್‌ಮಿಂಟನ್ನು ಹೀಗೆ ಕಟ್ಟಿಡುವುದಿಲ್ಲ. ಅದೂ ಎರಡನ್ನು. ಒಂಬತ್ತು ವರ್ಷ ಒಬ್ಬಳೇ ಇದ್ದು, ಊರಿನಲ್ಲಿ ಒಬ್ಬರ ಬಾಯಿಗೂ ಬೀಳದೆ ಕಾಪಾಡಿಕೊಂಡ ಹೆಸರನ್ನು ನಾಲ್ಕು ಕ್ಲಿಪ್ಪು ಹಾಕಿ ಹಗ್ಗಕ್ಕೆ ತೂಗಿಬಿಟ್ಟು, ಈ ಮನುಷ್ಯ ಬರುತ್ತಾನೋ ಇಲ್ಲವೋ ಎಂದು ಅವಳು ಇಡೀ ದಿನ ಕಾದಿದ್ದಳು. ಅವನ ಕಣ್ಣು ತುಂಬಿ ಬಂತು. ಮೈಯೆಲ್ಲ ಒದ್ದೆಯಾಗಿದ್ದರಿಂದ ಯಾರಿಗೂ ತಿಳಿಯಲಿಲ್ಲ.

“ಮರೆತಿದ್ರಾ?” ಎಂದ ಪಿಸುದನಿಯಲ್ಲಿ.

ಡೋಲಿನಾ ಪಾದ್ರಿಯ ಮುಖದಿಂದ ಕಣ್ಣು ತೆಗೆಯಲಿಲ್ಲ. “ನಲವತ್ತು ವರ್ಷದಲ್ಲಿ ಹಗ್ಗದ ಮೇಲೆ ಒಂದು ಕರವಸ್ತ್ರಾನೂ ಮರೆತವಳಲ್ಲ ನಾನು,” ಎಂದಳು ತುಟಿ ಅಲ್ಲಾಡಿಸದೆ. “ಸುಮ್ನೆ ಒಂದು ಈ ಕಡೆ ಕೊಡಿ.”

ಅವನು ಒಂದನ್ನು ಅವಳ ಅಂಗೈಯಲ್ಲಿಟ್ಟು, ಇನ್ನೊಂದನ್ನು ಬಾಯಿಗೆ ಹಾಕಿಕೊಂಡ. ಪ್ರವಚನ ಆ ಸಂಜೆ ಒಂದು ಗಂಟೆ ಹತ್ತು ನಿಮಿಷ ನಡೆಯಿತು. ಫಿನ್ಲೆಗೆ ಬೇಗ ಮುಗಿಯಿತು ಅನ್ನಿಸಿತು.